ಗುಳಿಗಿ ತಗೊಂಡ್ರ್ಯಾ?

ಬೆಳಿಗ್ಗೆ ಎಂಟಕ್ಕೆ ಪವಮಾನನ ಫೋನು ಒಂದು ಸಲ ರಿಂಗಾಗಬೇಕಿತ್ತು. ಆ ದಿನ ಆರು ಸಲ ಆಯಿತು.

ಆ ಕರೆ ಮಾಡುತ್ತಿದ್ದವನು ಬೇರೆ ಯಾರೂ ಅಲ್ಲ, ಸ್ವತಃ ಪವಮಾನನೇ. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಒಂದು ಲಾಡ್ಜಿನ ಮೇಲಿನ ಮಹಡಿಯಲ್ಲಿ ‘ನೆನಪು ಸೇವೆ’ ಎಂಬ ಸಣ್ಣ ಕಂಪನಿಯಿತ್ತು. ಜಿಲ್ಲೆಯ ನಾನೂರು ರೋಗಿಗಳಿಗೆ ಎಂಟಕ್ಕೆ, ಒಂದಕ್ಕೆ, ಆರಕ್ಕೆ ಹೀಗೆ ಮೂರು ಹೊತ್ತು ಫೋನು ಹಚ್ಚಿ, ಗುಳಿಗೆ ತಗೊಂಡಿರಾ ಎಂದು ಕೇಳುವುದು ಅದರ ಕಸುಬು. ಕೇಳುವವರು ಮನುಷ್ಯರಲ್ಲ, ಪವಮಾನ ಬರೆದಿಟ್ಟ ಪ್ರೋಗ್ರಾಮು. ಆಫೀಸಿನ ಮಷೀನಿನಲ್ಲಿ ಸರ್ವರು ಶುರುವಾದ ಕೂಡಲೇ ಅದರ ಬೆನ್ನಿಗೆ ಈ ಕೆಲಸವೂ ಎದ್ದು ಕೂತು, ಹೊತ್ತಿಗೆ ಸರಿಯಾಗಿ ಪಟ್ಟಿಯ ಮೊದಲ ಹೆಸರಿನಿಂದ ಕೊನೆಯ ಹೆಸರಿನ ತನಕ ಫೋನು ಮಾಡುತ್ತಿತ್ತು. ಧ್ವನಿಯೂ ಪವಮಾನನದೇ. ದುಡ್ಡು ಕೊಟ್ಟು ಬೇರೆಯವರ ಧ್ವನಿ ಹಾಕಿಸಲು ಯಜಮಾನ ಅರುಣಕುಮಾರನಿಗೆ ಮನಸ್ಸಿರಲಿಲ್ಲ.

‘ನಮಸ್ಕಾರ್ರಿ. ಊಟ ಆಯ್ತೇನ್ರಿ? ಗುಳಿಗಿ ತಗೊಂಡ್ರ್ಯಾ? ತಗೊಂಡಿದ್ರ ಒಂದು ಒತ್ತರಿ. ಮರ್ತಿದ್ರ ಎರಡು ಒತ್ತರಿ.’

ಒಂದು ಒತ್ತಿದರೆ, ‘ಭಾಳ ಶಾಣ್ಯಾ ಇದ್ದೀರಿ. ಆರಾಮ ಇರ್ರಿ’ ಎಂದು ಜಾಣತನ ಮೆಚ್ಚುತ್ತಿತ್ತು. ಎರಡು ಒತ್ತಿದರೆ, ‘ಹಂಗ ಮಾಡಬ್ಯಾಡ್ರಿ. ಈಗರೆ ತಗೋರಿ’ ಎಂದು ಗದರುತ್ತಿತ್ತು.

ಒಂದು ವರ್ಷದ ಹಿಂದೆ ಪರೀಕ್ಷೆಗೆಂದು ಪವಮಾನ ತನ್ನ ನಂಬರನ್ನೂ ಆ ಪಟ್ಟಿಗೆ ಸೇರಿಸಿದ್ದ. ಆಮೇಲೆ ತೆಗೆದಿರಲಿಲ್ಲ. ಅವನಿಗೆ ಮೂವತ್ತಾರು ವರ್ಷ. ಶಹಾಬಜಾರದ ಗಲ್ಲಿಯೊಂದರಲ್ಲಿ ಸಕ್ಕೂಬಾಯಿಯವರ ಮಾಳಿಗೆಯ ಮೇಲೆ ಒಂಟಿ ಕೋಣೆ. ಸಕ್ಕರೆಯಿಲ್ಲ, ಬೀಪಿಯಿಲ್ಲ, ಗುಳಿಗೆಯೂ ಇಲ್ಲ. ಆದರೆ ದಿನಕ್ಕೆ ಮೂರು ಸಲ ಊಟ ಆಯಿತೇ ಎಂದು ಕೇಳುವ ಜೀವ ಆ ಊರಲ್ಲಿ ಅದೊಂದೇ. ಸ್ಟವ್ ಮೇಲೆ ಚಹಾ ಕುದಿಯುತ್ತಿರುವಾಗ ಫೋನೆತ್ತಿ, ಒಂದು ಒತ್ತಿ, ಶಾಣ್ಯಾ ಅನ್ನಿಸಿಕೊಂಡು, ಕೆಲಸಕ್ಕೆ ಹೊರಡುವುದು ಅವನಿಗೆ ರೂಢಿಯಾಗಿತ್ತು.

ಆರನೆಯ ಸಲ ರಿಂಗಾದಾಗ ಸಕ್ಕೂಬಾಯಿ ಮೆಟ್ಟಿಲು ಹತ್ತಿ ಬಾಗಿಲಿಗೇ ಬಂದರು.

“ಯಾರದು ಪವಮಾನ, ಮುಂಜಾನಿಂದ ಒಂದೇ ಸವನ ಫೋನ್ ಮಾಡ್ಲಿಕ್ಕೆ ಹತ್ಯಾರ? ಹುಡುಗಿ ಏನು?”

“ಇಲ್ರಿ ಮಾವಶಿ. ನಾನೇ.”

“ಅಂದ್ರ?”

“ನಂಗ ನಾನೇ ಮಾಡೀನ್ರಿ.”

ಸಕ್ಕೂಬಾಯಿ ಅವನ ಮುಖವನ್ನೂ, ಅವನ ಕೈಯಲ್ಲಿ ‘ಊಟ ಆಯ್ತೇನ್ರಿ?’ ಎಂದು ಅವನದೇ ಧ್ವನಿಯಲ್ಲಿ ಕೇಳುತ್ತಿದ್ದ ಫೋನನ್ನೂ ನೋಡಿದರು. ಇಳಿದು ಹೋದರು. ಪವಮಾನ ಅಂಗಿ ಹಾಕಿಕೊಂಡು ಕೆಳಗೆ ಬರುವಷ್ಟರಲ್ಲಿ ಗಲ್ಲಿಗೆಲ್ಲ ಸುದ್ದಿಯಾಗಿತ್ತು.

“ಒಬ್ಬನೇ ಇದ್ದು ಇದ್ದು ಹುಡುಗನ ತಲಿ ಕೆಟ್ಟದ್ರಿ,” ಎಂದು ಸಕ್ಕೂಬಾಯಿ ಎದುರು ಮನೆಯ ಸಾವಿತ್ರಿಬಾಯಿಗೆ ಹೇಳುತ್ತಿದ್ದರು. “ತನಗ ತಾನೇ ಫೋನ್ ಮಾಡ್ಕೊಂಡು ಊಟ ಆತೇನಂತ ಕೇಳ್ಕೊಳ್ಳಿಕ್ಕೆ ಹತ್ಯಾನ.”

ಸಾವಿತ್ರಿಬಾಯಿ ಉಪ್ಪು ಮೆಣಸಿನಕಾಯಿ ಹಿಡಿದುಕೊಂಡೇ ಬಂದಿದ್ದರು. ನಡು ಓಣಿಯಲ್ಲಿ ಅವನನ್ನು ನಿಲ್ಲಿಸಿ ಮೂರು ಸಲ ದೃಷ್ಟಿ ಇಳಿಸಿ, “ಥೂ ಅನ್ನು” ಎಂದರು. ಪವಮಾನ ಥೂ ಅಂದು ಓಡಿದ.

ಆಫೀಸಿನಲ್ಲಿ ಅರುಣಕುಮಾರ ಎರಡೂ ಕಿವಿಗೆ ಎರಡು ಫೋನು ಹಿಡಿದು ನಿಂತಿದ್ದ.

“ಬಂದ್ಯಾ? ಬಾ. ಜಿಲ್ಲಾ ಪೂರಾ ಬೈಲಾಕತ್ತೈತಿ. ಗುಳಿಗಿ ನೆನಪ ಮಾಡ್ರಪಾ ಅಂದ್ರ ಜೀವಾ ತಿನ್ನಾಕತ್ತೀರಲ್ಲ ಅಂತಾರ. ಒಬ್ಬ ಅಂತೂ ಬೀಪಿ ಇರಲಿಲ್ಲ, ನಿಮ್ಮ ಫೋನಿನಿಂದ ಬಂತು ಅಂದ. ಏನ್ ಮಾಡಿ ಇಟ್ಟೀದಿ?”

ಪವಮಾನ ಕಂಪ್ಯೂಟರಿನ ಮುಂದೆ ಕೂತ. ಪಕ್ಕದ ಕುರ್ಚಿಯಿಂದ ಸೃಷ್ಟಿ ಇಣುಕಿದಳು. ಮೂರು ತಿಂಗಳ ಹಿಂದೆ ಸೇರಿದ ಹುಡುಗಿ. ಕೆಲಸ ಚೆನ್ನಾಗಿ ಬರುತ್ತಿತ್ತು, ಬಾಯಿ ಅದಕ್ಕಿಂತ ಚೆನ್ನಾಗಿ ಬರುತ್ತಿತ್ತು.

“ಸರ್, ನಿನ್ನಿ ನಮ್ಮ ವೆಬ್‌ಸೈಟಿನ ಬಣ್ಣ ಎಷ್ಟ್ ಸಲ ಬದಲಿ ಮಾಡಿದ್ರಿ?”

“ಐದು. ಯಜಮಾನ್ರಿಗೆ ನೀಲಿ ಸೇರಲಿಲ್ಲ, ಹಸರು ಸೇರಲಿಲ್ಲ…”

“ವೆಬ್‌ಸೈಟೂ ಫೋನಿನ ಕೆಲಸಾನೂ ಒಂದೇ ಗಂಟಿನ್ಯಾಗ ಅದಾವ, ಅದನ್ನ ಐದ್ ಸಲ ಹೊಸದಾಗಿ ಸರ್ವರಿಗೆ ಏರಿಸಿದ್ರಿ. ಏರಿಸಿದಾಗೆಲ್ಲ ಫೋನ್ ಮಾಡೋ ಕೆಲಸ ಹೊಸದೊಂದು ಶುರು ಆಗೇದ. ಹಳೇದು ನಿಂತಿಲ್ಲ. ಮೊದಲಿಂದು ಒಂದು, ಹೊಸಾವು ಐದು.”

ಪ್ರೋಗ್ರಾಮಿನಲ್ಲಿ ಎರಡು ಜಾಗಗಳಿದ್ದವು. ‘ಸರ್ವರು ಶುರುವಾದಾಗ ಏನು ಮಾಡಬೇಕು’ ಎಂಬಲ್ಲಿ ಅವನು ನಲವತ್ತು ಸಾಲು ಬರೆದಿದ್ದ. ‘ಮುಗಿಯುವಾಗ ಏನು ಮಾಡಬೇಕು’ ಎಂಬಲ್ಲಿ ಒಂದೇ ಸಾಲು, ತನಗೆ ತಾನೇ ಬರೆದುಕೊಂಡದ್ದು: ‘ಆಮೇಲೆ ನೋಡೋಣ.’

“ಈಗ ಪೂರಾ ಸರ್ವರನ್ನ ನಿಲ್ಲಿಸಿ ಹೊಸದಾಗಿ ಹಚ್ಚಿದ್ರ ಆತು,” ಎಂದು ಅವನು ಧೈರ್ಯದಿಂದ ಹೇಳಿ, ನಿಲ್ಲಿಸುವ ಆಜ್ಞೆ ಕೊಟ್ಟ. ‘ನಿಂತಿದೆ’ ಎಂದು ಪರದೆ ಹೇಳಿತು. ವೆಬ್‌ಸೈಟೂ ಸತ್ತಿತು. ಮತ್ತೆ ಹಚ್ಚಿದ, ಅದೂ ಬದುಕಿತು. ಅರುಣಕುಮಾರನಿಗೆ ಸಮಾಧಾನವಾಗಿ ಎಲ್ಲರಿಗೂ ಕೆಳಗಿನ ಹೋಟೆಲಿನಿಂದ ಚುರುಮುರಿಯ ಸೂಸಲ ತರಿಸಿದ.

ಮಧ್ಯಾಹ್ನ ಒಂದಕ್ಕೆ ಪವಮಾನನ ಫೋನು ರಿಂಗಾಯಿತು. ಎತ್ತಿದ. ಮತ್ತೆ ಆಯಿತು. ಮತ್ತೆ. ಏಳನೆಯ ಸಲಕ್ಕೆ ಅರುಣಕುಮಾರ ಎದ್ದು ನಿಂತ.

“ನಿಲ್ಲಿಸೀನಿ ಅಂದಿದ್ದೆಲ್ಲೋ!”

“ನಿಲ್ಲಿಸೀನ್ರಿ…”

“ಅಂಗಡಿ ಬಾಗಿಲಾ ಹಾಕೀರಿ ಸರ್,” ಎಂದಳು ಸೃಷ್ಟಿ, ಪರದೆ ನೋಡುತ್ತಾ. “ಒಳಗ ಇದ್ದ ಕೆಲಸದವ್ರಿಗೆ ಮನಿಗೆ ಹೋಗ್ರಿ ಅಂತ ಯಾರೂ ಹೇಳಿಲ್ಲ. ಆ ಆರೂ ಮಂದಿ ಕತ್ತಲ್ಯಾಗ ಕೂತು ಫೋನ್ ಹಚ್ಚಾಕತ್ತಾರ. ನೀವು ಬಾಜೂಕ ಇನ್ನೊಂದು ಅಂಗಡಿ ತೆಗದು ಏಳನೇದವನ್ನ ಕೂಡಿಸೀರಿ.”

ಪವಮಾನ ಮಷೀನಿನ ವಯರು ಕಿತ್ತ. ಕೆಳಗಿದ್ದ ಬ್ಯಾಟರಿ ಕೀ ಕೀ ಎಂದು ಅರಚುತ್ತ ಅದನ್ನು ಬದುಕಿಸಿಕೊಂಡೇ ಇತ್ತು. ಅದರ ವಯರನ್ನೂ ಕಿತ್ತ. ಆಗ ಕೋಣೆ ಶಾಂತವಾಯಿತು. ಆದರೆ ಅಷ್ಟರೊಳಗೆ ಏಳೂ ಸುತ್ತು ಮುಗಿದುಹೋಗಿದ್ದವು.

ಯಾರು ಯಾವ ಗುಂಡಿ ಒತ್ತಿದರು ಎಂಬ ಪಟ್ಟಿ ಸೃಷ್ಟಿಯ ಕಂಪ್ಯೂಟರಿನಲ್ಲಿ ಉಳಿದಿತ್ತು. ಹೆಚ್ಚಿನವರು ಎರಡನೆಯ ಸಲಕ್ಕೇ ಫೋನು ಕಡಿದಿದ್ದರು. ಇಪ್ಪತ್ತು ಮೂವತ್ತು ಜನ ಮೂರು ನಾಲ್ಕು ಸಲ ಒಂದು ಒತ್ತಿದ್ದರು. ಸೃಷ್ಟಿಯ ಬೆರಳು ಒಂದು ಹೆಸರಿನ ಮೇಲೆ ನಿಂತಿತು. ಅವಳ ಬಾಯಿಯೂ ಮೊದಲ ಸಲ ನಿಂತಿತು.

“ನೀಲಗಂಗಮ್ಮ, ಕಮಲಾಪುರ, ಅರವತ್ತೆಂಟು ವರ್ಷ. ಸಕ್ಕರಿ ಬ್ಯಾನಿ. ಮುಂಜಾನಿ ಆರು, ಈಗ ಏಳು. ಹದಿಮೂರು ಸಲಾನೂ ಒಂದೇ ಒತ್ಯಾರ ಸರ್.”

“ಅಂದ್ರ ಹದಿಮೂರು ಗುಳಿಗಿ?” ಎಂದ ಪವಮಾನ.

ಅವನು ತನ್ನ ಫೋನಿನಿಂದ ಆ ನಂಬರಿಗೆ ಹಚ್ಚಿದ. ಪೂರ್ತಿ ರಿಂಗಾಗಿ ಕಡಿಯಿತು. ಮತ್ತೆ ಹಚ್ಚಿದ. ಎತ್ತಲಿಲ್ಲ. ಸೃಷ್ಟಿ ಆಕೆಗೆ ಗುಳಿಗೆ ಬರೆದುಕೊಟ್ಟ ಡಾಕ್ಟರಿಗೆ ಫೋನು ಹಚ್ಚಿ ಕೇಳಿದಳು. ಹದಿಮೂರು ಎಂಬ ಮಾತು ಕೇಳಿ ಡಾಕ್ಟರು, “ಯಾರಾದ್ರೂ ಮೊದಲು ಹೋಗಿ ನೋಡ್ರಿ” ಎಂದಷ್ಟೇ ಹೇಳಿದರು.

ಪವಮಾನ ಹೊರಡುವ ಮೊದಲು ಒಂದು ಕೆಲಸ ಮಾಡಿದ. ‘ಮುಗಿಯುವಾಗ’ ಎಂಬ ಜಾಗದಲ್ಲಿ ನಾಲ್ಕು ಸಾಲು ಬರೆದ. ಸರ್ವರು ನಿಂತರೆ ಈ ಕೆಲಸವೂ ನಿಲ್ಲಬೇಕು, ಅಷ್ಟೇ. ನಾಲ್ಕು ಸಾಲಿಗೆ ನಾಲ್ಕು ನಿಮಿಷವೂ ಹಿಡಿಯಲಿಲ್ಲ.

“ಐದು ಗಂಟೇಕ ಮಷೀನ್ ಹಚ್ಚಿ, ಎರಡು ಸಲ ಹೊಸದಾಗಿ ಏರಿಸಿ ನೋಡು. ಫೋನ್ ಒಂದೇ ಹೋಗಬೇಕು,” ಎಂದು ಸೃಷ್ಟಿಗೆ ಹೇಳಿ ಬಸ್ ನಿಲ್ದಾಣಕ್ಕೆ ಓಡಿದ.

ಕಮಲಾಪುರದ ಮೇಲೆ ಹಾಯುವ ಹುಮನಾಬಾದಿನ ಬಸ್ಸು ತುಂಬಿ ತುಳುಕುತ್ತಿತ್ತು. ಅವನಿಗೆ ಇಂಜಿನ್ನಿನ ಪಕ್ಕದಲ್ಲಿ ನಿಲ್ಲಲು ಜಾಗ ಸಿಕ್ಕಿತು. ನೀಲಗಂಗಮ್ಮ ಎತ್ತುತ್ತಿಲ್ಲ, ಮೂರು ನಾಲ್ಕು ಸಲ ಒತ್ತಿದ ಉಳಿದವರಿಗಾದರೂ ಹೇಳೋಣ ಎಂದು ಸೃಷ್ಟಿ ಬರೆದುಕೊಟ್ಟ ಚೀಟಿ ಹಿಡಿದು ಒಬ್ಬೊಬ್ಬರಿಗೇ ಫೋನು ಹಚ್ಚತೊಡಗಿದ. ಇಂಜಿನ್ನಿನ ಸದ್ದಿಗೆ ಅವನ ಮಾತು ಅವನಿಗೇ ಕೇಳುತ್ತಿರಲಿಲ್ಲ.

“ಗುಳಿಗಿ ಮತ್ತ ತಗೋಬ್ಯಾಡ್ರೀ! ಹೂಂರಿ, ಬ್ಯಾಡ್ರೀ! ತಗೊಂಡಿದ್ರ ದವಾಖಾನಿಗೆ ಹೋಗ್ರೀ!”

ತಾಜಸುಲ್ತಾನಪುರ ದಾಟುವುದರೊಳಗೆ ಬಸ್ಸಿಗೆ ಬಸ್ಸೇ ಅವನ ಕಡೆ ತಿರುಗಿತ್ತು. ಹಿಂದಿನ ಸೀಟಿನ ಮುದುಕನೊಬ್ಬ ಎದ್ದು ಬಂದು ಬನಿಯನ್ನಿನ ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದ.

“ಡಾಕ್ಟರ್ ಸಾಹೇಬ್ರ, ಇದು ತಗೋಬೇಕೋ ಬ್ಯಾಡೋ?”

“ನಾ ಡಾಕ್ಟರ್ ಅಲ್ರಿ.”

“ಅವ್ರಿಗೆ ಬ್ಯಾಡ ಅಂತ ಹೇಳಾಕತ್ತೀರಿ, ನಮಗ್ಯಾಕ ಹೇಳವಲ್ರಿ? ನಮ್ದು ಸಕ್ಕರಿ ಅಲ್ಲೇನು?”

ಆಮೇಲೆ ಒಬ್ಬಳು ಮೊಣಕಾಲು ತೋರಿಸಿದಳು. ಇನ್ನೊಬ್ಬಾತ ನಾಲಗೆ ಚಾಚಿದ. ಕಂಡಕ್ಟರು ಟಿಕೀಟು ಕೊಡುವ ನೆಪದಲ್ಲಿ ತನ್ನ ನಿದ್ದೆಯ ತಕಲೀಫು ಹೇಳಿಕೊಂಡ. ಅವರೆಲ್ಲರಿಗೂ ಕೂಗಿ ಕೂಗಿ ಉತ್ತರ ಕೊಡುತ್ತ ಮೂವತ್ತನೆಯ ರೋಗಿಯನ್ನು ಮುಗಿಸುವಷ್ಟರಲ್ಲಿ ಪವಮಾನನ ಫೋನಿನ ಬ್ಯಾಟರಿ ಸತ್ತಿತು, ಗಂಟಲೂ ಸತ್ತಿತು. ಕಮಲಾಪುರದಲ್ಲಿ ಇಳಿದು ಕೆಂಪು ಬಾಳೆಹಣ್ಣು ಮಾರುವವಳ ಹತ್ತಿರ ದಾರಿ ಕೇಳಲು ಬಾಯಿ ತೆರೆದರೆ ಬೇಳೆ ಗಿರಣಿಗೆ ಕಲ್ಲು ಸಿಕ್ಕಿದಂಥ ಸದ್ದು ಬಂತು.

“ನೀಲಗಂಗಮ್ಮನ ಮನ್ಯಾ?” ಎಂದಳು ಅವಳು. “ಹೋಗ್ರಿ, ಹೋಗ್ರಿ. ಓಣಿ ಮಂದಿ ಎಲ್ಲಾ ಅಲ್ಲೇ ಹೋಗ್ಯಾರ.”

ಪವಮಾನ ಓಡಿದ.

ದೂರದಿಂದಲೇ ಕಂಡಿತು. ಮನೆಯ ಮುಂದೆ ಚಪ್ಪಲಿಗಳ ರಾಶಿ. ಪಡಸಾಲೆಯಲ್ಲಿ ಹತ್ತು ಹದಿನೈದು ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು, ಗೋಡೆಗೆ ಒರಗಿ ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರ ಕಣ್ಣೂ ನಡುವೆ ಇದ್ದ ಯಾವುದರ ಮೇಲೋ ನೆಟ್ಟಿದ್ದವು.

ಬಸ್ಸಿನ ಧೂಳು, ಬಿಸಿಲು, ಆ ಹದಿಮೂರು ಗುಳಿಗೆ ಎಲ್ಲ ಸೇರಿ ಅವನನ್ನು ಹೊಸ್ತಿಲಲ್ಲಿ ಕೆಡವಿದವು. ಅಲ್ಲೇ ಹಣೆ ಹಚ್ಚಿ, ಆ ಒಡಕು ದನಿಯಲ್ಲೇ ಅಳತೊಡಗಿದ.

“ತಪ್ಪಾತ್ರೀ! ನಂದೇ ತಪ್ಪು! ನಾಕೇ ನಾಕು ಸಾಲು ಬರೀಲಿಲ್ರೀ! ಅವ್ವಾರು ಹೋಗಿಬಿಟ್ರು!”

ಪಡಸಾಲೆಯಲ್ಲಿ ಗದ್ದಲವೆದ್ದಿತು. ಗುಂಪಿನ ನಡುವಿನಿಂದ ಇಳಕಲ್ ಸೀರೆಯ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಎದ್ದು ಬಂದು ಅವನ ಮುಂದೆ ನಿಂತಳು.

“ಯಾರು ಹೋದ್ರಪ್ಪಾ?”

“ನೀಲಗಂಗಮ್ಮ…”

“ನೀಲಗಂಗಮ್ಮ ನಾನೇ. ನಾ ಎಲ್ಲಿ ಹೋಗೀನಿ?”

ಪವಮಾನ ತಲೆಯೆತ್ತಿ ಅವಳನ್ನು ಕಾಲಿನಿಂದ ಮುಖದ ತನಕ ನೋಡಿದ. ಎದ್ದು ನಿಂತು, ಕಣ್ಣೊರೆಸಿಕೊಂಡು, “ಹದಿಮೂರು ಗುಳಿಗಿ ನುಂಗಿ ನೀವು ಆರಾಮ ಇದ್ದೀರಿ?” ಎಂದ.

“ನಂಗೇನು ಹುಚ್ಚೇನು? ನಾ ತಗೊಂಡಿದ್ದು ಮುಂಜಾನಿ ಒಂದು, ಮಧ್ಯಾಹ್ನ ಒಂದು. ಒತ್ತಿದ್ದು ಹದಿಮೂರು ಸಲ, ಖರೇ. ಒಂದು ಒತ್ತಿದ್ರ ಆ ತಮ್ಮ ಶಾಣ್ಯಾ ಇದ್ದೀರಿ ಅಂತಾನ. ಈ ಮನ್ಯಾಗ ಹನ್ನೊಂದು ಮಂದಿ ಅದಾರ, ಒಂದು ದಿನ ಯಾರರೆ ಹಂಗಂದಾರೇನು ನಂಗ? ಇವತ್ತು ದೇವ್ರು ಕಣ್ಣು ತೆಗದು ಹೆಚ್ಚಿಗಿ ಕೊಟ್ಟ. ನಾನೊಬ್ಬಾಕೇ ಅನ್ನಿಸಿಕೊಂಡ್ರ ಹೆಂಗ? ಓಣ್ಯಾಗಿನವ್ರಿಗೂ ಕೊಟ್ಟೆ. ಗುಂಡಮ್ಮ ಎರಡು ಸಲ ಅನ್ನಿಸಿಕೊಂಡ್ಳು.”

ಗೋಡೆಯ ಹತ್ತಿರ ಗುಂಡಮ್ಮ ನಾಚಿ ಸೆರಗು ಸರಿಮಾಡಿಕೊಂಡಳು. ಎಲ್ಲರ ನಡುವೆ ಒಂದು ಮಣೆ, ಮಣೆಯ ಮೇಲೆ ಫೋನು. ಆರು ಗಂಟೆಯ ಕರೆಗೆ ಅವರೆಲ್ಲ ಈಗಿನಿಂದಲೇ ಪಾಳಿ ಹಚ್ಚಿ ಕೂತಿದ್ದರು.

“ಮತ್ತ ನಾ ಮಾಡಿದ ಫೋನ್ ಯಾಕ ಎತ್ತಲಿಲ್ರಿ?”

“ಗುರ್ತಿಲ್ಲದ ನಂಬರ್ ನಾ ಎತ್ತಂಗಿಲ್ಲ. ನೀ ಯಾರು?”

ಪವಮಾನನಿಗೆ ಒಮ್ಮೆಲೇ ಹಗುರಾಯಿತು. ಇವಳು ಬದುಕಿದ್ದಾಳೆ. ಅದಕ್ಕಿಂತ ಹೆಚ್ಚಾಗಿ, ಇಷ್ಟು ಜನ, ಒಂದು ಓಣಿಗೆ ಓಣಿ, ತನ್ನ ಒಂದು ಮಾತಿಗಾಗಿ ಕಾಯುತ್ತ ಕೂತಿದೆ. ವರ್ಷದಿಂದ ಆ ಕೋಣೆಯಲ್ಲಿ ಅವನೊಬ್ಬನೇ ಕೇಳುತ್ತಿದ್ದ ಮಾತು. ಇವರೆಲ್ಲ ತನ್ನವರೇ ಅನ್ನಿಸಿ ಅವನ ಮುಖ ಅರಳಿತು.

“ನಾನೇರಿ,” ಎಂದ. “ಆ ಫೋನಿನ್ಯಾಗ ಮಾತಾಡಾಂವ ನಾನೇ.”

ಗುಂಡಮ್ಮ, “ಹಂಗಾರ ಮಾತಾಡಿ ತೋರ್ಸು” ಎಂದಳು.

ಪವಮಾನ ಗಂಟಲು ಸರಿಮಾಡಿಕೊಂಡ. ಕೈ ಕಟ್ಟಿ ನಿಂತ. “ನಮಸ್ಕಾರ್ರಿ. ಊಟ ಆಯ್ತೇನ್ರಿ…”

ಗಿರಣಿಗೆ ಇನ್ನೊಂದು ಕಲ್ಲು ಸಿಕ್ಕಿತು. ಒಬ್ಬ ಮುದುಕಿ ಬೆಚ್ಚಿ ಪಕ್ಕದವಳ ಕೈ ಹಿಡಿದಳು. ಉಳಿದವರು ಬಿದ್ದು ಬಿದ್ದು ನಕ್ಕರು.

“ಆ ತಮ್ಮನ ಮಾತು ಜೇನುತುಪ್ಪ,” ಎಂದಳು ನೀಲಗಂಗಮ್ಮ. ಅವಳು ಮಾತ್ರ ನಗಲಿಲ್ಲ. “ಅವ್ನ ಹೆಸರು ಹೇಳಿಕೊಂಡು ಬಂದೀದಿ, ನಾಚಿಕಿ ಆಗಂಗಿಲ್ಲ?”

“ಬಸ್ಸಿನ್ಯಾಗ ಒದರಿ ಒದರಿ ಗಂಟಲಾ ಹೋಗೇದ್ರಿ. ನಿಮ್ಮ ಫೋನ್ ಕೊಡ್ರಿ ಒಂದೀಟು, ನಮ್ಮ ಆಫೀಸಿಗೆ ಹಚ್ಚಿ ಕೊಡ್ತೀನಿ. ನಂದು ಬಂದ್ ಬಿದ್ದದ.”

‘ಫೋನ್ ಕೊಡ್ರಿ’ ಎಂದದ್ದೇ ತಪ್ಪಾಯಿತು. ಹೆಂಗಸರೆಲ್ಲ ಒಟ್ಟಿಗೆ ಎದ್ದರು. ಯಾರೋ ಹಿತ್ತಲಿಗೆ ಹೋಗಿ ನೀಲಗಂಗಮ್ಮನ ಅಳಿಯ ಶಿವಶರಣನನ್ನು ಕರೆತಂದರು. ಆತ ಸೌದೆ ಒಡೆಯುತ್ತಿದ್ದವನು ಕೊಡಲಿ ಹಿಡಿದುಕೊಂಡೇ ಬಂದ.

“ಯಾವೂರಾಂವ ನೀ?”

“ಕಲಬುರಗಿರಿ. ಶಹಾಬಜಾರ.”

“ಅತ್ತಿ ಫೋನ್ ಯಾಕ ಬೇಕು ನಿಂಗ? ಪೇಪರಿನ್ಯಾಗ ದಿನಾ ಓದ್ತೀವಿ. ಅಳಕೋತ ಬರ್ತಾರ, ಫೋನ್ ಇಸ್ಕೋತಾರ, ಎಲ್ಲಾ ಬಳಕೊಂಡು ಹೋಗ್ತಾರ.”

“ಬ್ಯಾಡ್ರಿ, ನಂಗ ಕೊಡಬ್ಯಾಡ್ರಿ. ನೀವೇ ಹಚ್ಚಿ ಕೇಳ್ರಿ. ಗುಳಿಗಿ ಕಾರ್ಡಿನ ಮ್ಯಾಲ ನಮ್ಮ ಆಫೀಸಿನ ನಂಬರ್ ಅದ. ಪವಮಾನ ಯಾರು ಅಂತ ಕೇಳ್ರಿ, ಅಷ್ಟೇ.”

ಶಿವಶರಣನಿಗೆ ಇದು ನ್ಯಾಯವಾದ ಮಾತೆನಿಸಿತು. ಕೊಡಲಿಯನ್ನು ಗೋಡೆಗಿಟ್ಟು, ಕಾರ್ಡು ತರಿಸಿ, ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕೆ ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ. ಗಂಟೆ ಐದೂವರೆ. ಸೃಷ್ಟಿ ಮಷೀನು ಹಚ್ಚಿರಬೇಕು, ಅವಳೇ ಎತ್ತುತ್ತಾಳೆ, ನಾಲ್ಕು ಮಾತು ಬೈದಾದರೂ ಬಿಡಿಸುತ್ತಾಳೆ ಎಂದು ಪವಮಾನ ಮೈಯೆಲ್ಲ ಕಿವಿಯಾಗಿ ನಿಂತ.

ಬೆಳಗಿನಿಂದ ಬೈಸಿಕೊಂಡು ಸುಸ್ತಾಗಿದ್ದ ಅರುಣಕುಮಾರ, ಬರುವ ಕರೆಗಳಿಗೆಲ್ಲ ಮಷೀನೇ ಉತ್ತರ ಕೊಡಲಿ ಎಂದು ಬಿಟ್ಟು ಮನೆಗೆ ಹೋಗಿದ್ದ ಸಂಗತಿ ಪವಮಾನನಿಗೆ ಗೊತ್ತಿರಲಿಲ್ಲ.

ಕಡೆಗೆ ಧ್ವನಿ ಬಂತು. ಜೇನಿನಂಥ, ಮೆಲ್ಲನೆಯ, ನಿಧಾನದ ಧ್ವನಿ.

‘ನಮಸ್ಕಾರ್ರಿ. ನೆನಪು ಸೇವೆಗೆ ಸ್ವಾಗತ. ಸದ್ಯ ನಮ್ಮವ್ರು ಯಾರೂ ಖಾಲಿ ಇಲ್ರಿ. ಒಂದು ಮಾತು ಲಕ್ಷ್ಯದಾಗ ಇಟ್ಕೋರಿ. ನಮ್ಮ ಕಡಿಂದ ಯಾರೂ ನಿಮ್ಮ ಮನಿಗೆ ಬರಂಗಿಲ್ಲ. ನಮ್ಮ ಹೆಸರು ಹೇಳಿ ಯಾರರೆ ಬಂದು ನಿಮ್ಮ ಫೋನ್ ಕೇಳಿದ್ರ, ಅಂಥವ್ರನ್ನ ನಂಬಬ್ಯಾಡ್ರಿ. ಒಳಗ ಬಿಡಬ್ಯಾಡ್ರಿ. ಆರಾಮ ಇರ್ರಿ.’

ಪವಮಾನನಿಗೆ ಆಗ ನೆನಪಾಯಿತು. ದೀಪಾವಳಿಯ ಮುಂಚೆ ಮೋಸದ ಕರೆಗಳ ಸುದ್ದಿ ಹಬ್ಬಿದಾಗ ಯಜಮಾನ ಹೇಳಿದ್ದ, ಇವನು ನೀರು ಕುಡಿದು, ಕಿಟಕಿ ಮುಚ್ಚಿ, ಎರಡೆರಡು ಸಲ ಓದಿ, ಬಹಳ ಕಾಳಜಿಯಿಂದ ಈ ಮಾತನ್ನು ಮಷೀನಿಗೆ ತುಂಬಿಸಿದ್ದ.

“ಕೇಳ್ದೇನು?” ಎಂದಳು ನೀಲಗಂಗಮ್ಮ. “ಅಂವ ಎಂದೂ ಸುಳ್ಳು ಹೇಳಂಗಿಲ್ಲ.”

ಶಿವಶರಣ ಅವನನ್ನು ಹೊಡೆಯಲಿಲ್ಲ. ರಟ್ಟೆ ಹಿಡಿದು ಹೊರಗೆ ತಂದು ಎದುರಿನ ಬೇವಿನ ಕಟ್ಟೆಯ ಮೇಲೆ ಕೂಡಿಸಿ, “ಆರೂಕಾಲಿಗೆ ಕಲಬುರಗಿ ಬಸ್ ಅದ. ಹತ್ತಿ ಹೋಗು. ಮತ್ತ ಈ ಓಣ್ಯಾಗ ಕಂಡೀದಿ ಅಂದ್ರ ಪೊಲೀಸ್ರಿಗೆ ಕೊಡ್ತೀನಿ” ಎಂದು ಹೇಳಿ, ಕೊಡಲಿ ತೆಗೆದುಕೊಂಡು ಹಿತ್ತಲಿಗೆ ಹೋದ. ಬಾಗಿಲು ಹಾಕಿಕೊಂಡಿತು.

ಪವಮಾನ ಕಟ್ಟೆಯ ಮೇಲೆ ಕೂತ. ಬೆಳಗಿನಿಂದ ಹೊಟ್ಟೆಗೆ ಬಿದ್ದದ್ದು ಒಂದು ತಟ್ಟೆ ಸೂಸಲ. ಎತ್ತಿನ ಬಂಡಿಯೊಂದು ಹೋಯಿತು. ಹೊಡೆಯುವವನು ಇವನ ಕಡೆ ಒಮ್ಮೆ ನೋಡಿ ಮುಂದೆ ಹೊರಟ.

ಸರಿಯಾಗಿ ಆರಕ್ಕೆ ಒಳಗೆ ಫೋನು ರಿಂಗಾಯಿತು. ಪವಮಾನ ಬೆರಳು ಮಡಚಿ ಎಣಿಸತೊಡಗಿದ. ಒಂದು. ಅಷ್ಟೇ. ನಾಲ್ಕು ಸಾಲು ತಮ್ಮ ಕೆಲಸ ಮಾಡಿದ್ದವು. ಇನ್ನು ಮೇಲೆ ಎಷ್ಟು ಸಲ ಬಣ್ಣ ಬದಲಿಸಿದರೂ ಒಂದೇ ಕರೆ ಹೋಗುತ್ತದೆ. ಅವನು ಬರೆದದ್ದು ಬರೆದ ದಿನವೇ ತಪ್ಪಿಲ್ಲದೆ ನಡೆದದ್ದು ವರ್ಷದಲ್ಲಿ ಇದೇ ಮೊದಲು. ಯಾರಿಗಾದರೂ ಹೇಳಬೇಕೆನಿಸಿತು. ಕಟ್ಟೆಯ ಮೇಲೆ ಒಂದು ನಾಯಿ ಮಲಗಿತ್ತು.

ಮುಚ್ಚಿದ ಬಾಗಿಲ ಆಚೆಯಿಂದ ನೀಲಗಂಗಮ್ಮನ ಮಾತು ಸ್ಪಷ್ಟವಾಗಿ ಕೇಳಿಸಿತು. ಅವಳು ಗುಂಡಿ ಒತ್ತುವ ಮೊದಲು ಫೋನಿಗೆ ಬಾಯಿ ಹಚ್ಚಿ ಹೇಳುತ್ತಿದ್ದಳು:

“ತಗೊಂಡೆಪ್ಪಾ ತಮ್ಮಾ, ತಗೊಂಡೆ. ಇಲ್ಲಿ ಕೇಳು. ನಿನ್ನ ಹೆಸರು ಹೇಳ್ಕೊಂಡು ಯಾವನೋ ಒಬ್ಬ ಕಳ್ಳ ಬಂದಿದ್ದ. ಅತ್ತು ಕರದು ಮಾಡಿದ. ಹೊರಗ ಹಾಕೀವಿ. ಊರಾಗ ಇಂಥವ್ರು ಭಾಳ ಆಗ್ಯಾರ. ನೀ ಒಬ್ಬನೇ ಇರಾಂವ, ಹುಷಾರಾಗಿರಪ್ಪಾ.”